ಮಂಜರೂರಿನ ಏಲಕ್ಕಿ ಯಾರದು? ಹನ್ನೆರಡನೆಯ ಶತಮಾನದ ವರ್ತಕ ಪ್ರಾತಿನಿಧ್ಯವನ್ನು ಕುರಿತು

ಕನ್ನಡ ನಾಡಿನ ಮಧ್ಯಕಾಲೀನ ವಾಣಿಜ್ಯವನ್ನು ಕುರಿತು ಬರೆಯುವವರು ಅಯ್ಯಾವೊಳೆಯ ಐನೂರ್ವರಿಂದ ಆರಂಭಿಸುವುದು ವಾಡಿಕೆಯಾಗಿದೆ. ಅದು ಸಹಜವೂ ಹೌದು. ಶಿಕಾರಿಪುರ, ಬಳ್ಳಿಗಾವೆ ಮೊದಲಾದೆಡೆಯ ಶಾಸನಗಳಲ್ಲಿ ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ತಮ್ಮನ್ನು ಬಣ್ಣಿಸಿಕೊಳ್ಳುವ ಈ ನಾನಾದೇಶಿಗಳು ನೆಲದ ಹಾದಿಯಲ್ಲಿಯೂ ನೀರಿನ ಹಾದಿಯಲ್ಲಿಯೂ ಸಂಚರಿಸಿದವರು. ಸುಮಾತ್ರಾ ದ್ವೀಪದ ಬಾರುಸಿನ ಸಮೀಪದ ಲೋಬು ತುವಾದಲ್ಲಿ ದೊರೆತಿರುವ 1088ರ ತಮಿಳು ಶಾಸನ ಈ ಸಂಘದ ಹೆಸರನ್ನು ಹೊತ್ತಿದೆ. ಆದರೆ ಈ ಶಾಸನಗಳೆಲ್ಲವನ್ನೂ ಒಟ್ಟಾಗಿ ಓದಿದರೂ ಒಂದು ಸಾಮಾನ್ಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಬ್ಬ ಸೆಟ್ಟಿ ತನ್ನ ಸರಕನ್ನು ಮತ್ತೊಬ್ಬನ ಕೈಗೊಪ್ಪಿಸಿ ದೂರದ ರೇವಿನಲ್ಲಿ ಮಾರಿ ಬರುವಂತೆ ಕಳುಹಿಸಿದಾಗ, ಹಡಗು ಮುಳುಗಿದರೆ ನಷ್ಟ ಯಾರದು? ಮುಂಗಡ ಪಡೆದವನು ಮಾಲು ಕೊಡದಿದ್ದರೆ ಯಾರು ಯಾರನ್ನು ಹಿಡಿಯಬೇಕು? ಸರಕು ಹೊತ್ತು ಹೋದವನು ಪರದೇಶದಲ್ಲಿ ಒಡೆಯನ ಹೆಸರಿನಲ್ಲಿ ಸಾಲ ಮಾಡಿದರೆ ಆ ಸಾಲಕ್ಕೆ ಹೊಣೆ ಯಾರು?

ಶಾಸನಗಳು ಇದನ್ನು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅವು ದತ್ತಿಯನ್ನು ದಾಖಲಿಸಲು, ಸಂಘದ ಹಿರಿಮೆಯನ್ನು ಸಾರಲು ಕಲ್ಲಿನಲ್ಲಿ ಕೊರೆದವು. ಲೆಕ್ಕವನ್ನು ಯಾರೂ ಕಲ್ಲಿನ ಮೇಲೆ ಬರೆಯುವುದಿಲ್ಲ. ಅದನ್ನು ಬರೆಯುತ್ತಿದ್ದ ಓಲೆ ಮತ್ತು ಕಡತಗಳು ನಮ್ಮ ಕರಾವಳಿಯ ಮಳೆಗೂ ಗೆದ್ದಲಿಗೂ ಆಹಾರವಾದವು. ಹೀಗಾಗಿ ನಮಗೆ ಸಂಘದ ಚರಿತ್ರೆ ದೊರೆತಿದೆಯೇ ಹೊರತು ವ್ಯವಹಾರದ ಚರಿತ್ರೆ ದೊರೆತಿಲ್ಲ.

ಮೇಲಿನ ಪ್ರಶ್ನೆಗಳನ್ನು ಇಂದಿನ ನ್ಯಾಯಶಾಸ್ತ್ರ ಏಜೆನ್ಸಿ, ಅಂದರೆ ಪ್ರಾತಿನಿಧ್ಯ, ಎಂಬ ಶೀರ್ಷಿಕೆಯಡಿ ವಿಚಾರಿಸುತ್ತದೆ. ನಮ್ಮ ದೇಶದಲ್ಲಿ ಇದನ್ನು ನಿಯಂತ್ರಿಸುವುದು 1872ರ ಭಾರತೀಯ ಕರಾರು ಅಧಿನಿಯಮದ ಹತ್ತನೆಯ ಅಧ್ಯಾಯ, ಅಂದರೆ 182ರಿಂದ 238ರವರೆಗಿನ ಪ್ರಕರಣಗಳು. ಬೇರೊಬ್ಬನ ಪರವಾಗಿ ಕಾರ್ಯ ಮಾಡಲು, ಇಲ್ಲವೆ ಮೂರನೆಯವರೊಡನೆ ವ್ಯವಹರಿಸುವಲ್ಲಿ ಅವನನ್ನು ಪ್ರತಿನಿಧಿಸಲು ನೇಮಕಗೊಂಡವನು ಪ್ರತಿನಿಧಿ, ನೇಮಿಸಿದವನು ನಿಯೋಜಕ. ಇಲ್ಲಿ ಮೂವರು ಪಾತ್ರಧಾರಿಗಳಿದ್ದಾರೆ ಎಂಬುದೇ ಈ ವಿಷಯದ ತಿರುಳು. ಪ್ರತಿನಿಧಿ ತನಗೆ ದತ್ತವಾದ ಅಧಿಕಾರದ ಮಿತಿಯಲ್ಲಿ ಮೂರನೆಯವನೊಡನೆ ಮಾಡಿದ ಕರಾರು ನಿಯೋಜಕನನ್ನೇ ಕಟ್ಟುತ್ತದೆ. ಪ್ರತಿನಿಧಿ ನಡುವಿನಿಂದ ಸರಿದು ನಿಲ್ಲುತ್ತಾನೆ. ಪ್ರತಿಯಾಗಿ, ಅವನು ನಿಯೋಜಕನ ಆದೇಶದಂತೆ ನಡೆಯಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು, ನಿಯೋಜಕನಿಗೆ ತಿಳಿಸದೆ ಸ್ವಂತ ಲಾಭ ಮಾಡಿಕೊಳ್ಳಬಾರದು. ನಿಯೋಜಕನು ಅವನ ನ್ಯಾಯವಾದ ವೆಚ್ಚವನ್ನೂ ನಷ್ಟವನ್ನೂ ತುಂಬಿಕೊಡಬೇಕು. ಈ ನಿಯಮಗಳ ಇಂದಿನ ಮಾತುಗಳು ಇಂಗ್ಲಿಷ್ ನ್ಯಾಯಾಲಯಗಳ ತೀರ್ಪುಗಳಿಂದ ಬಂದವು ಎಂಬುದು ನಿಜ. ಆದರೆ ಮಾತು ಅಲ್ಲಿಂದ ಬಂದಮಾತ್ರಕ್ಕೆ ಸಮಸ್ಯೆಯೂ ಅಲ್ಲಿಂದಲೇ ಬಂದಿತೆಂದು ಭಾವಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಹನ್ನೆರಡನೆಯ ಶತಮಾನದ ಮಂಗಳೂರಿನ ಒಂದು ಏಲಕ್ಕಿ ವ್ಯವಹಾರವನ್ನು ಆಧಾರವಾಗಿಟ್ಟುಕೊಂಡು ಈ ಭಾವನೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅದಕ್ಕೂ ಮೊದಲು ಭಾಷೆಯ ಕಡೆಗೊಮ್ಮೆ ನೋಡಬಹುದು. ಇಂದು ಕನ್ನಡದಲ್ಲಿ ವಕೀಲ ಎಂದರೆ ನ್ಯಾಯವಾದಿ, ಗುಮಾಸ್ತ ಎಂದರೆ ಕಚೇರಿಯ ಬರವಣಿಗೆಯವನು, ದಲ್ಲಾಳಿ ಎಂದರೆ ಸ್ವಲ್ಪ ಅನುಮಾನದಿಂದಲೇ ನೋಡುವ ಮಧ್ಯವರ್ತಿ. ಮೂರೂ ಮೂಲದಲ್ಲಿ ಪ್ರಾತಿನಿಧ್ಯದ ವರ್ಗಕ್ಕೆ ಸೇರಿದ ಪದಗಳು. ಅರಬ್ಬಿಯ ವಕೀಲ್ ಎಂದರೆ ಇನ್ನೊಬ್ಬರ ಪರವಾಗಿ ನಿಂತವನು; ಪಾರಸಿಯ ಗುಮಾಶ್ತಾ ಎಂದರೆ ನೇಮಿತನಾದವನು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಬಂಗಾಳದಲ್ಲಿ ನೇಕಾರರಿಗೆ ಮುಂಗಡ ಕೊಟ್ಟು ಬಟ್ಟೆ ಸಂಗ್ರಹಿಸುತ್ತಿದ್ದ ಗುಮಾಸ್ತರು ಕರಣಿಕರಲ್ಲ, ಕಂಪನಿಯ ಖರೀದಿ ಪ್ರತಿನಿಧಿಗಳು. ಅರಬ್ಬಿಯ ದಲ್ಲಾಲನೇ ನಮ್ಮ ದಲ್ಲಾಳಿ. ಹಳಗನ್ನಡದ ನಿಯೋಗಿ ಶಬ್ದವಾದರೋ ಅರಸನ ಅಧಿಕಾರಿಯ ಅರ್ಥಕ್ಕೇ ಹೆಚ್ಚಾಗಿ ಮೀಸಲಾಯಿತು. ಈ ಪದಗಳ ಚರಿತ್ರೆಯೇ ಒಂದು ಪ್ರತ್ಯೇಕ ಲೇಖನಕ್ಕೆ ಸಾಲುವ ವಿಷಯವಾದುದರಿಂದ ಇಲ್ಲಿ ನಿಲ್ಲಿಸುತ್ತೇವೆ. ವಕೀಲ ಶಬ್ದ ಮಾತ್ರ ಮುಂದೆ ಮತ್ತೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ನಾಶವಾದುದು ಈಜಿಪ್ಟಿನ ಒಣಹವೆಯಲ್ಲಿ ಉಳಿದುಕೊಂಡಿತು. ಹಳೆಯ ಕೈರೋ ಭಾಗವಾದ ಫುಸ್ತಾತಿನ ಬೆನ್ ಎಜ್ರಾ ಯಹೂದಿ ಮಂದಿರದ ಗೆನಿಜಾ ಎಂಬ ಕೋಣೆಯಲ್ಲಿ, ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ನಾಶಮಾಡಬಾರದೆಂಬ ನಂಬಿಕೆಯಿಂದ, ಶತಮಾನಗಳ ಕಾಲ ಹಾಕಿಟ್ಟ ಕಾಗದಗಳ ರಾಶಿಯೇ ಇತ್ತು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಆ ಪತ್ರಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಿಸಿದವನ್ನು ಎಸ್. ಡಿ. ಗೊಯಿಟೈನ್ ದಶಕಗಳ ಕಾಲ ಕಲೆಹಾಕಿದರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಎಂ. ಎ. ಫ್ರೀಡ್‌ಮನ್ ಮುಂದುವರಿಸಿ, 2008ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಸಂಪುಟವಾಗಿ ಪ್ರಕಟಿಸಿದರು. ಅಮಿತಾವ್ ಘೋಷ್ ಅವರು ಇದೇ ಸಾಮಗ್ರಿಯಿಂದ 1992ರಲ್ಲಿ ರಚಿಸಿದ ಕೃತಿಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು.

ಈ ಪತ್ರಗಳ ಕೇಂದ್ರ ವ್ಯಕ್ತಿ ಅಬ್ರಾಹಂ ಬೆನ್ ಯಿಜು. ಇಂದಿನ ಟ್ಯುನೀಸಿಯಾದ ಮಹ್ದಿಯಾ ಪಟ್ಟಣದವನಾದ ಈತ ಏಡನ್ನಿನ ಮೂಲಕ ನಮ್ಮ ಕರಾವಳಿಗೆ ಬಂದು ಸುಮಾರು ಹದಿನೇಳು ವರ್ಷ ಇಲ್ಲಿ ನೆಲೆಸಿದನು. 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರ ಮಂಜರೂರಿನಲ್ಲಿ, ಅಂದರೆ ಮಂಗಳೂರಿನಲ್ಲಿ, ಬರೆದದ್ದು. ಅದು ಆಳುಪರ ಕಾಲ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳು ಏಡನ್ನಿಗೆ ಹೋಗುತ್ತಿದ್ದವು. ಅವನ ಕಂಚಿನ ಕಾರ್ಖಾನೆಗೆ ಅಲ್ಲಿಂದ ಮುರಿದ ಪಾತ್ರೆಗಳು ಹೊಸದಾಗಿ ಎರಕಗೊಳ್ಳಲು ಬರುತ್ತಿದ್ದವು. ಅವುಗಳ ಜೊತೆಗೆ ಬಂಗಾರ, ಸಕ್ಕರೆ, ಒಣದ್ರಾಕ್ಷಿ ಮತ್ತು ಅವನಿಗೆ ಬಹುಪ್ರಿಯವಾದ ಕಾಗದ.

ಏಡನ್ನಿನಲ್ಲಿ ಬೆನ್ ಯಿಜುವಿನೊಡನೆ ವ್ಯವಹರಿಸುತ್ತಿದ್ದವರು ಮುಖ್ಯವಾಗಿ ಮೂವರು: ಮದ್ಮೂನ್ ಇಬ್ನ್ ಹಸನ್, ಖಲಫ್ ಇಬ್ನ್ ಇಸಾಕ್ ಮತ್ತು ಜೋಸೆಫ್ ಇಬ್ನ್ ಅಬ್ರಾಹಂ. ಇವರ ನಡುವಿನ ಸಂಬಂಧ ಒಡೆಯ–ಆಳಿನದಲ್ಲ. ಏಡನ್ನಿನವರಿಗಾಗಿ ಬೆನ್ ಯಿಜು ಇಲ್ಲಿ ಕೊಳ್ಳುತ್ತಾನೆ. ಬೆನ್ ಯಿಜುವಿನ ಸರಕನ್ನು ಅವರು ಅಲ್ಲಿ ಮಾರುತ್ತಾರೆ. ಒಬ್ಬೊಬ್ಬನೂ ಮತ್ತೊಬ್ಬನಿಗೆ ಪ್ರತಿನಿಧಿ, ಒಬ್ಬೊಬ್ಬನೂ ಮತ್ತೊಬ್ಬನಿಗೆ ನಿಯೋಜಕ. ಇಂಥ ಸಂಬಂಧವನ್ನು ಆ ವರ್ತಕ ಸಮಾಜ ಸುಹ್ಬಾ ಎಂದರೆ ಸಖ್ಯ ಎಂದೇ ಕರೆಯಿತು. ಸಂಬಳವಾಗಲಿ ದಲಾಲಿಯಾಗಲಿ ಇಲ್ಲ. ಸೇವೆಗೆ ಸೇವೆಯೇ ಪ್ರತಿಫಲ. ಸಾಮಾನ್ಯವಾಗಿ ಪ್ರತಿಫಲವಿಲ್ಲದ ಕರಾರು ಕರಾರೇ ಅಲ್ಲವೆನ್ನುವ 1872ರ ಅಧಿನಿಯಮವೂ ಪ್ರಾತಿನಿಧ್ಯವನ್ನು ಸೃಷ್ಟಿಸಲು ಪ್ರತಿಫಲ ಅಗತ್ಯವಿಲ್ಲವೆಂದು 185ನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾರೋ ನಂಬಿ ಒಪ್ಪಿಸಿದ್ದನ್ನು ಒಪ್ಪಿಕೊಂಡಮೇಲೆ, ಕೂಲಿ ಇರಲಿ ಇಲ್ಲದಿರಲಿ, ಹೊಣೆ ಹುಟ್ಟುತ್ತದೆ.

ಈ ಸಖ್ಯ ಎಷ್ಟು ಲೆಕ್ಕದ ಸಖ್ಯವೆಂಬುದು ಪತ್ರಗಳನ್ನು ನೋಡಿದರೆ ತಿಳಿಯುತ್ತದೆ. ಭಕ್ತಿಪೂರ್ವಕ ಒಕ್ಕಣೆಯ ನಂತರ ಸರಕು, ತೂಕ, ಬೆಲೆ, ಸುಂಕ, ಕೊಟ್ಟದ್ದು, ಉಳಿದದ್ದು. ಕೊಲ್ಲಂ ಕಡೆಯಿಂದ ಹೊರಟ ಹಡಗೊಂದು ಏಡನ್ನಿನ ಸಮೀಪದಲ್ಲಿ ಮುಳುಗಿದಾಗ ಖಲಫ್ ಬರೆದ ವರದಿ ಇದಕ್ಕೆ ನಿದರ್ಶನ: ಮೆಣಸು ಪೂರ್ತಿ ಹೋಯಿತು, ಕಬ್ಬಿಣದ ಒಂದು ಭಾಗವನ್ನು ಮುಳುಗುಗಾರರಿಂದ ಮೇಲೆತ್ತಿಸಲಾಯಿತು. ಸರಕಿನ ಒಡೆಯ ಸಾಗರದ ಆಚೆ ದಡದಲ್ಲಿದ್ದಾನೆ; ಅವನ ಅಪ್ಪಣೆ ಬರುವವರೆಗೆ ಕಾಯಲಾಗದು. ಇಂಥ ತುರ್ತಿನಲ್ಲಿ ಒಡೆಯನ ನಷ್ಟ ತಪ್ಪಿಸಲು ಸಾಮಾನ್ಯ ವಿವೇಕಿಯು ಮಾಡುವುದನ್ನೆಲ್ಲ ಮಾಡಲು ಪ್ರತಿನಿಧಿಗೆ ಅಧಿಕಾರವುಂಟು ಎನ್ನುತ್ತದೆ ಇಂದಿನ 189ನೆಯ ಪ್ರಕರಣ. ಖಲಫನಿಗೆ ಆ ಪ್ರಕರಣದ ಅಗತ್ಯವಿರಲಿಲ್ಲ.

ಇಷ್ಟು ಹಿನ್ನೆಲೆಯೊಡನೆ ಏಲಕ್ಕಿಯ ವಿಷಯಕ್ಕೆ ಬರಬಹುದು. ಬೆನ್ ಯಿಜು ಇಲ್ಲಿನ ಒಬ್ಬ ವ್ಯಾಪಾರಿಗೆ ಏಲಕ್ಕಿಗಾಗಿ ಹಣ ಕೊಟ್ಟಿದ್ದನು. ಪತ್ರಗಳು ಆ ವ್ಯಾಪಾರಿಯನ್ನು ಹೆಸರಿನಿಂದ ಕರೆಯದೆ ಒಂದು ಅಂಕಿತದಿಂದ ಕರೆಯುತ್ತವೆ. ಗೊಯಿಟೈನ್ ಅದನ್ನು ಕಾರ್ದಾಲ್ ಎಂದು ಓದಿದ್ದಾರೆ. ಘೋಷ್ ಕಾರ್ದಾರ್ ಎಂದು ಓದಿದ್ದಾರೆ. ಪಾರಸಿಯಲ್ಲಿ ಕಾರ್‌ದಾರ್ ಎಂದರೆ ಕೆಲಸ ನಡೆಸುವವನು, ಕಾರ್ಯಭಾರಿ. ಎರಡನೆಯ ಪಾಠ ಸರಿಯಾದರೆ, ಈತನೂ ಯಾರೋ ಒಬ್ಬರ ಪ್ರತಿನಿಧಿಯಾಗಿದ್ದಿರಬಹುದೆಂಬ ಕುತೂಹಲ ಹುಟ್ಟುತ್ತದೆ. ಇದು ನಮ್ಮ ಊಹೆ ಮಾತ್ರ. ಅದೇನೇ ಇರಲಿ, ಹಣ ಪಡೆದವನು ಏಲಕ್ಕಿ ಕೊಡಲಿಲ್ಲ. ಏಡನ್ನಿನ ಪಾಲುದಾರರ ಪತ್ರಗಳಲ್ಲಿ ಈ ವಿಷಯ ಮತ್ತೆ ಮತ್ತೆ ತಲೆಯೆತ್ತುತ್ತದೆ. ಬೆನ್ ಯಿಜು ಆತನನ್ನು ಸೌಮ್ಯವಾಗಿ ಕೇಳುತ್ತಿದ್ದೇನೆಂದು ಬರೆದಿದ್ದಿರಬೇಕು. ಏಡನ್ನಿನವರಿಗೆ ಸೌಮ್ಯತೆ ಸಾಕಾಯಿತು. ಬಾಕಿ ತೀರಿಸದವರಿಗೆ ಇಲ್ಲಿ ನಾವು ಬಹಿಷ್ಕಾರ ಹಾಕುತ್ತೇವೆಂದು ಅವನನ್ನು ಹೆದರಿಸು, ಬೇಕಾದರೆ ಬಹಿಷ್ಕಾರದ ಪತ್ರವನ್ನೇ ಬರೆದು ಕಳುಹಿಸುತ್ತೇವೆ ಎಂಬರ್ಥದ ಸಲಹೆ ಅಲ್ಲಿಂದ ಬಂದಿತು. ಏಡನ್ನಿನ ಯಹೂದಿಗಳ ಬಹಿಷ್ಕಾರಕ್ಕೆ ಕರಾವಳಿಯ ಏಲಕ್ಕಿ ವ್ಯಾಪಾರಿ ಏಕೆ ಹೆದರಬೇಕೆಂಬುದನ್ನು ಅವರು ಯೋಚಿಸಿದಂತೆ ತೋರುವುದಿಲ್ಲ.

ನಮಗೆ ಇದಕ್ಕಿಂತ ಮುಖ್ಯವಾದುದು ಪಾಲುದಾರರ ಇನ್ನೊಂದು ಮಾತು. ಈ ವಿಷಯವನ್ನು ಏಡನ್ನಿನ ಕೆಲವರೊಡನೆ ಮಾತನಾಡಿದೆವು. ಆ ಏಲಕ್ಕಿ ನಿನ್ನದೇ, ನಮ್ಮದಲ್ಲ, ಅದು ನಿನಗೂ ಅವನಿಗೂ ಸಂಬಂಧಿಸಿದ ವ್ಯವಹಾರ ಎಂದು ಅವರು ಹೇಳಿದರು ಎಂಬುದು ಅದರ ಸಾರ. ಎಂದರೆ ಬೆನ್ ಯಿಜು ಕಾರ್ದಾರನೊಡನೆ ವ್ಯವಹರಿಸಿದ್ದು ಪ್ರತಿನಿಧಿಯಾಗಿಯೋ ಸ್ವಂತಕ್ಕಾಗಿಯೋ ಎಂಬುದೇ ವಿವಾದ. ಪ್ರತಿನಿಧಿಯಾಗಿ ವ್ಯವಹರಿಸಿದ್ದರೆ, ಮೂರನೆಯವನ ವಂಚನೆಯ ಭಾರ ನಿಯೋಜಕರದು. ಸ್ವಂತಕ್ಕಾದರೆ ಬೆನ್ ಯಿಜುವಿನದು. ಈ ಒಂದು ಭೇದದ ಮೇಲೆ ಇಂದಿನ ಪ್ರಾತಿನಿಧ್ಯದ ನ್ಯಾಯವೆಲ್ಲ ನಿಂತಿದೆ ಎಂದರೂ ತಪ್ಪಾಗದು.

ಅಧಿನಿಯಮದ ಕಣ್ಣಿನಿಂದ ನೋಡಿದರೆ ಕೇಳಬೇಕಾದ ಪ್ರಶ್ನೆಗಳು ಹಲವು. ಮುಂಗಡ ಕೊಟ್ಟು ಕೊಳ್ಳಲು ಪಾಲುದಾರರ ಆದೇಶವಿತ್ತೆ? ಆದೇಶವಿಲ್ಲದಿದ್ದರೆ ಆ ಸ್ಥಳದಲ್ಲಿ ಅಂಥ ವ್ಯಾಪಾರ ನಡೆಸುವವರ ರೂಢಿ ಏನಾಗಿತ್ತು? 211ನೆಯ ಪ್ರಕರಣ ರೂಢಿಗೇ ಮೊರೆಹೋಗುತ್ತದೆ. ಅದನ್ನು ಮೀರಿ ನಡೆದು ನಷ್ಟವಾದರೆ ಪ್ರತಿನಿಧಿಯೇ ತುಂಬಬೇಕು. ಕಾರ್ದಾರನ ಯೋಗ್ಯತೆಯನ್ನು ವಿಚಾರಿಸಿಯೇ ಹಣ ಕೊಟ್ಟನೇ? ವಿಚಾರಿಸದೆ ದಿವಾಳಿಗನಿಗೆ ಉದ್ದರಿ ಕೊಟ್ಟ ಪ್ರತಿನಿಧಿ ನಷ್ಟ ತುಂಬಬೇಕೆಂಬುದು 212ನೆಯ ಪ್ರಕರಣದಲ್ಲಿ ಕೊಟ್ಟಿರುವ ದೃಷ್ಟಾಂತಗಳಲ್ಲೊಂದು. ಇನ್ನು 230ನೆಯ ಪ್ರಕರಣದ ಮಾತು ಇಲ್ಲಿಗೇ ಬರೆದಂತಿದೆ: ಪ್ರತಿನಿಧಿ ತಾನು ಮಾಡಿದ ಕರಾರಿಗೆ ಸಾಮಾನ್ಯವಾಗಿ ವೈಯಕ್ತಿಕವಾಗಿ ಹೊಣೆಯಲ್ಲ, ಆದರೆ ಪರದೇಶದಲ್ಲಿ ವಾಸಿಸುವ ವರ್ತಕನಿಗಾಗಿ ಸರಕು ಕೊಂಡಾಗ ಅಥವಾ ಮಾರಿದಾಗ ಅವನೇ ಹೊಣೆಯೆಂದು ಭಾವಿಸಬೇಕು. ಮಾರುವವನಿಗೆ ಕಣ್ಣೆದುರಿನ ಮನುಷ್ಯ ಗೊತ್ತು, ಸಾಗರದಾಚೆಯವನು ಗೊತ್ತಿಲ್ಲ. ಈ ಲೋಕಜ್ಞಾನವೇ ಅಲ್ಲಿ ನಿಯಮವಾಗಿದೆ. ಏಡನ್ನಿನ ಪಾಲುದಾರರು ಊರಿನ ವರ್ತಕರನ್ನು ಕೇಳಿದ್ದು ಕೂಡ ಹರಟೆಯಲ್ಲ. ಲಿಖಿತ ಸಂಹಿತೆಯಿಲ್ಲದೆಡೆ ರೂಢಿಯನ್ನು ನಿರ್ಧರಿಸುವ ಕ್ರಮವೇ ಅದು.

ಮುಂಬಯಿ, ಪುಣೆಗಳಲ್ಲಿರುವ ನಮ್ಮ ಓದುಗರಿಗೆ ಇದು ಅಪರಿಚಿತ ಲೋಕವಾಗಿ ಕಾಣಲಾರದು. ಮಾರುಕಟ್ಟೆಯ ಅಡತಿ ಅಂಗಡಿಗಳ ವ್ಯವಹಾರದಲ್ಲಿ ಕಚ್ಚಾ ಅಡತ್ಯ, ಪಕ್ಕಾ ಅಡತ್ಯ ಎಂಬ ಭೇದವುಂಟು. ಕಚ್ಚಾ ಅಡತ್ಯ ಇಬ್ಬರನ್ನು ಕೂಡಿಸಿ ತನ್ನ ಅಡತಿಯನ್ನಷ್ಟೇ ಪಡೆಯುತ್ತಾನೆ. ಪಕ್ಕಾ ಅಡತ್ಯ ತನ್ನ ಗಿರಾಕಿಗೆ ತಾನೇ ಹೊಣೆಯಾಗಿ ನಿಲ್ಲುತ್ತಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಗವಾನ್‌ದಾಸ್ ನರೋತ್ತಮದಾಸ್ ಮತ್ತು ಕಾನ್‌ಜಿ ದೇವಜಿ ಇವರ ನಡುವಿನ ಮೊಕದ್ದಮೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಈ ರೂಢಿಯನ್ನು ಮಾನ್ಯಮಾಡಿತು. ಇಂಗ್ಲಿಷ್ ನ್ಯಾಯದ ಮಾದರಿಯ ಅಧಿನಿಯಮ ಜಾರಿಯಲ್ಲಿದ್ದಾಗಲೇ, ಅಂಗಡಿಸಾಲಿನ ರೂಢಿ ತನ್ನ ಪಾರಿಭಾಷಿಕ ಶಬ್ದಗಳೊಡನೆ ನ್ಯಾಯಾಲಯವನ್ನು ಪ್ರವೇಶಿಸಿದ ಪ್ರಸಂಗವಿದು. ಏಡನ್ನಿನವರ ದೃಷ್ಟಿಯಲ್ಲಿ ಬೆನ್ ಯಿಜು ಪಕ್ಕಾ ಅಡತ್ಯ. ಅವನ ದೃಷ್ಟಿಯಲ್ಲಿ ತಾನು ಕಚ್ಚಾ.

ಇದೇ ತಲೆಮಾರಿನ ಆಸುಪಾಸಿನಲ್ಲಿ ಘಟ್ಟದ ಮೇಲಿನ ಕಲ್ಯಾಣದಲ್ಲಿ ಒಂದು ಮಹಾಗ್ರಂಥ ರೂಪುಗೊಂಡಿತ್ತು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯೆಯನ್ನು ನಾವು ಬಹುಮಟ್ಟಿಗೆ ದಾಯಭಾಗದ ಗ್ರಂಥವೆಂದೇ ಓದುತ್ತೇವೆ. ಹಿಂದೂ ಉತ್ತರಾಧಿಕಾರದ ಮೊಕದ್ದಮೆಗಳು ಅದಕ್ಕೆ ತಂದುಕೊಟ್ಟ ಕೀರ್ತಿ ಅದು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ವೇತನಾದಾನ, ಸಂಭೂಯ ಸಮುತ್ಥಾನ ಎಂಬ ಪ್ರಕರಣಗಳುಂಟು. ಕೂಡಿ ವ್ಯಾಪಾರ ಮಾಡುವವರಲ್ಲಿ ಒಬ್ಬನು ಉಳಿದವರು ಬೇಡವೆಂದದ್ದನ್ನು ಮಾಡಿ, ಹೇಳದಿದ್ದುದನ್ನು ಮಾಡಿ, ಇಲ್ಲವೆ ಅಜಾಗರೂಕತೆಯಿಂದ ಸರಕನ್ನು ಹಾಳುಮಾಡಿದರೆ ಆ ನಷ್ಟವನ್ನು ಅವನೇ ತುಂಬಬೇಕು. ವಿಪತ್ತಿನಿಂದ ಸರಕನ್ನು ಕಾಪಾಡಿದವನಿಗೆ ಅದರ ಹತ್ತನೆಯ ಒಂದು ಪಾಲು ಸಲ್ಲಬೇಕು ಎಂದು ಯಾಜ್ಞವಲ್ಕ್ಯನ ವಿಧಿ. ವಕ್ರವಾಗಿ ನಡೆಯುವ ಪಾಲುದಾರನನ್ನು ಲಾಭವಿಲ್ಲದೆ ಹೊರಹಾಕಬೇಕು. ತಾನೇ ಮಾಡಲಾರದವನು ಮತ್ತೊಬ್ಬನಿಂದ ಮಾಡಿಸಬಹುದು. ಕೂಲಿ ಗೊತ್ತುಮಾಡದೆ ವ್ಯಾಪಾರಕ್ಕೆ ಆಳನ್ನಿಟ್ಟುಕೊಂಡರೆ ಲಾಭದ ಹತ್ತನೆಯ ಒಂದು ಭಾಗ ಅವನದು. ದೇಶಕಾಲಗಳನ್ನು ಮೀರಿ ನಡೆದು ಲಾಭವನ್ನು ಕೆಡಿಸಿದವನಿಗೆ ಏನು ಕೊಡಬೇಕೆಂಬುದು ಒಡೆಯನ ಇಚ್ಛೆ, ಹೆಚ್ಚು ಗಳಿಸಿಕೊಟ್ಟವನಿಗೆ ಹೆಚ್ಚು ಕೊಡಬೇಕು.

ಏಲಕ್ಕಿಯ ವಿವಾದವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಪ್ರಶ್ನೆ ಒಂದೇ ಆಗುತ್ತದೆ: ಕಾರ್ದಾರನಿಗೆ ಮುಂಗಡ ಕೊಟ್ಟಿದ್ದು ಹೇಳಿದ್ದೋ, ಹೇಳದಿದ್ದುದೋ? 1872ರ ಅಧಿನಿಯಮದ 211ನೆಯ ಪ್ರಕರಣವೂ ಅಲ್ಲಿಗೇ ಮುಟ್ಟುತ್ತದೆ. ಹಾಗೆಂದು ಒಂದರಿಂದ ಇನ್ನೊಂದು ಬಂದಿತೆಂದು ನಾವು ಹೇಳುವುದಿಲ್ಲ. ಕಲ್ಯಾಣದ ಪಂಡಿತನ ಗ್ರಂಥವನ್ನು ಏಡನ್ನಿನ ವರ್ತಕ ಓದಿರಲಿಲ್ಲ. ಲಂಡನ್ನಿನ ಕರಡು ರಚನಕಾರರು ಇವರಿಬ್ಬರನ್ನೂ ಗಮನದಲ್ಲಿಟ್ಟುಕೊಂಡಿರಲಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂಬ ಉತ್ಸಾಹದ ಲೇಖನಗಳು ಈ ಜಾಗದಲ್ಲೇ ಜಾರುತ್ತವೆ. ದೂರದ ವ್ಯಾಪಾರ ಎಲ್ಲಿ ನಡೆದರೂ ಒಂದೇ ಬಗೆಯ ಗಂಟು ಬೀಳುತ್ತದೆ, ಅದನ್ನು ಬಿಚ್ಚುವ ಕೈಗಳು ಬೇರೆಬೇರೆ. ಮಿತಾಕ್ಷರಾದಲ್ಲಿ ಪಾಲುದಾರ, ಆಳು, ದಾಸ ಎಂಬ ಬೇರೆಬೇರೆ ಶೀರ್ಷಿಕೆಗಳಲ್ಲಿ ಹಂಚಿಹೋದ ವಿಚಾರಗಳನ್ನು ಇಂಗ್ಲಿಷ್ ನ್ಯಾಯ ಪ್ರತಿನಿಧಿ ಎಂಬ ಒಂದೇ ಪರಿಕಲ್ಪನೆಯಡಿ ತಂದಿತು. ಇದು ಸಣ್ಣ ಬದಲಾವಣೆಯಲ್ಲ. ಅದನ್ನು ಒಪ್ಪಿಕೊಳ್ಳುವುದರಿಂದ ನಮಗೇನೂ ಕೊರತೆಯಿಲ್ಲ.

ಲೆಕ್ಕ ಒಪ್ಪಿಸುವ ಕರ್ತವ್ಯದ ಬಗ್ಗೆ ಸಾಹಿತ್ಯದ ಒಂದು ಸಾಕ್ಷ್ಯವನ್ನು ಇಲ್ಲಿಯೇ ಸೂಚಿಸಬಹುದು. ಬಿಜ್ಜಳನ ಭಂಡಾರಿಯಾದ ಬಸವಣ್ಣನು ಅರಸನ ಧನವನ್ನು ಜಂಗಮರಿಗೆ ವೆಚ್ಚಮಾಡುತ್ತಿದ್ದಾನೆಂಬ ದೂರು, ಭಂಡಾರವನ್ನು ಎಣಿಸಿದಾಗ ಏನೂ ಕಡಿಮೆಯಾಗದಿದ್ದ ಪ್ರಸಂಗ, ಇವು ಭೀಮಕವಿಯ 1369ರ ಬಸವಪುರಾಣವೂ ಸೇರಿದಂತೆ ಆ ಪರಂಪರೆಯ ಕಾವ್ಯಗಳಲ್ಲಿ ಬರುತ್ತವೆ. ಪವಾಡದ ಭಾಗವನ್ನು ಬದಿಗಿಟ್ಟರೂ, ಒಡೆಯ ಕೇಳಿದ ಕ್ಷಣದಲ್ಲಿ ಪರರ ಧನವನ್ನು ಎಣಿಸಿ ತೋರಿಸಬೇಕಾದ ಸ್ಥಿತಿಯಲ್ಲಿ ಕಥಾನಾಯಕನನ್ನು ನಿಲ್ಲಿಸುವ ಕಥೆ ಅದು. ಆ ನಿಯಮ ಕೇಳುಗರಿಗೆ ಚೆನ್ನಾಗಿ ತಿಳಿದಿದ್ದರಿಂದಲೇ ಪವಾಡಕ್ಕೆ ಬಲ ಬಂದಿದೆ.

ಇದುವರೆಗೆ ಹೇಳಿದವರು ತಮ್ಮ ಹೆಸರಿನಲ್ಲಿ ತಾವೇ ವ್ಯವಹರಿಸಬಲ್ಲ ಸ್ವತಂತ್ರರು. ಆದರೆ ಬೆನ್ ಯಿಜುವಿನ ಅತ್ಯಂತ ವಿಶ್ವಾಸದ ಪ್ರತಿನಿಧಿ ಸ್ವತಂತ್ರನಲ್ಲ, ಅವನ ದಾಸ. ಹೀಬ್ರೂ ಲಿಪಿಯಲ್ಲಿ ಸ್ವರಗಳಿಲ್ಲದೆ ಬ–ಮ–ಹ ಎಂಬ ಮೂರಕ್ಷರಗಳಲ್ಲಿ ಅವನ ಹೆಸರು ಉಳಿದಿದೆ. ಅದನ್ನು ಹೇಗೆ ಉಚ್ಚರಿಸಬೇಕೆಂಬುದು ಬಹುಕಾಲ ಸಂದೇಹದಲ್ಲಿತ್ತು. ಘೋಷ್ ಅವರು ಮಂಗಳೂರಿನಲ್ಲಿ ಪ್ರೊ. ಬಿ. ಎ. ವಿವೇಕ ರೈ ಅವರೊಡನೆ ಚರ್ಚಿಸಿ, ಅದು ಬೊಮ್ಮ ಎಂಬ ನಿರ್ಣಯಕ್ಕೆ ಬಂದರು. ಬ್ರಹ್ಮ ಶಬ್ದದ ತದ್ಭವವಾದ ಬೊಮ್ಮ ನಮ್ಮ ಶಾಸನಗಳಲ್ಲಿ ಹೇರಳವಾಗಿರುವ ಹೆಸರು. ಬೊಮ್ಮಯ್ಯ, ಬೊಮ್ಮರಸ, ಬೊಮ್ಮಿಸೆಟ್ಟಿಗಳನ್ನು ಪುಟಪುಟದಲ್ಲಿ ಕಂಡಿರುವ ಶಾಸನಾಭ್ಯಾಸಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆ ಮೂರಕ್ಷರಗಳಿಗೆ ಸ್ವರ ತುಂಬಲು ಅರಬ್ಬಿ, ಹೀಬ್ರೂ ಬಲ್ಲ ವಿದ್ವಾಂಸರಿಗೆ ಕನ್ನಡ–ತುಳು ಬಲ್ಲವರ ನೆರವು ಬೇಕಾಯಿತು.

ಈ ಬೊಮ್ಮ 1135ರಲ್ಲಿ ಒಡೆಯನ ಸರಕಿನೊಡನೆ ಏಡನ್ನಿಗೆ ಹೋದನು. ಅಲ್ಲಿ ಕುಡಿತಕ್ಕೆ ಬಿದ್ದು, ಕೈಯಲ್ಲಿದ್ದುದು ಸಾಲದೆಂದು ಮದ್ಮೂನನಿಂದ ಮತ್ತಷ್ಟು ಹಣ ಪಡೆದನು. ಸುದ್ದಿ ತಿಳಿದ ಒಡೆಯ ಇಲ್ಲಿಂದ ಕೋಪದ ಪತ್ರ ಬರೆದನು; ಮದ್ಮೂನ್ ವಿವರಣೆ ಕೊಡಬೇಕಾಯಿತು. ಮದ್ಮೂನ್ ಸಾಮಾನ್ಯನಲ್ಲ, ಅವನು ಏಡನ್ನಿನ ವಕೀಲ್ ಅಲ್ ತುಜ್ಜಾರ್, ಎಂದರೆ ವರ್ತಕರ ವಕೀಲ. ದೂರದೇಶದ ವರ್ತಕರ ಪರವಾಗಿ ಸರಕನ್ನು ಉಗ್ರಾಣದಲ್ಲಿಡುವುದು, ಬಾಕಿ ವಸೂಲು ಮಾಡುವುದು, ವ್ಯಾಜ್ಯದಲ್ಲಿ ಅವರ ಪರ ನಿಲ್ಲುವುದು ಅಂಥ ವಕೀಲನ ಕೆಲಸ. ನಮ್ಮ ನ್ಯಾಯಾಲಯಗಳ ವಕೀಲ ಶಬ್ದದ ಹಳೆಯ ಅರ್ಥ ಇಲ್ಲಿ ಜೀವಂತವಾಗಿ ಕಾಣುತ್ತದೆ. ಇಂಥ ಅನುಭವಿಯೇ ಬೊಮ್ಮನಿಗೆ ಹಣ ಕೊಟ್ಟನೆಂದರೆ, ಒಡೆಯನ ಲೆಕ್ಕಕ್ಕೆ ಹಣ ಪಡೆಯುವ ಅಧಿಕಾರ ಈ ದಾಸನಿಗೆ ಉಂಟೆಂದು ಅವನು ನಂಬಿದ್ದನೆಂದೇ ಅರ್ಥ. ಪ್ರತಿನಿಧಿ ಅಧಿಕಾರ ಮೀರಿದರೂ, ಅವನಿಗೆ ಅಧಿಕಾರವಿದೆಯೆಂದು ಮೂರನೆಯವನು ನಂಬುವಂತೆ ನಿಯೋಜಕನೇ ಮಾಡಿದ್ದರೆ ನಿಯೋಜಕನು ಬದ್ಧನು ಎಂಬುದು 237ನೆಯ ಪ್ರಕರಣದ ತತ್ತ್ವ. ಬೆನ್ ಯಿಜು ಸಿಟ್ಟಾದದ್ದು ಸರಿಯೇ. ಆದರೆ ಬೊಮ್ಮನನ್ನು ಸರಕಿನೊಡನೆ ಕಳುಹಿಸಿ ಆ ನಂಬಿಕೆಯನ್ನು ಹುಟ್ಟಿಸಿದವನೂ ಅವನೇ.

ದಾಸನೊಬ್ಬ ಒಡೆಯನನ್ನು ಹೀಗೆ ಕಟ್ಟಬಲ್ಲನೆ? ನಮ್ಮ ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದಾರೆ. ಒಡೆಯನ ಅನುಮತಿಯಿಲ್ಲದೆ ದಾಸ ಮಾಡಿದ್ದು ಸಿಂಧುವಲ್ಲವೆಂಬುದು ನಾರದನ ಪಕ್ಷ. ಮನುಸ್ಮೃತಿಯ ಎಂಟನೆಯ ಅಧ್ಯಾಯ ಮಾತ್ರ, ಅಧೀನನಾದವನು ಕುಟುಂಬಕ್ಕಾಗಿ ಸ್ವದೇಶದಲ್ಲಾಗಲಿ ಪರದೇಶದಲ್ಲಾಗಲಿ ಮಾಡಿದ ವ್ಯವಹಾರವನ್ನು ಯಜಮಾನನು ಅಲ್ಲಗಳೆಯಬಾರದು ಎನ್ನುತ್ತದೆ. ಇವೆರಡನ್ನೂ ಕೂಡಿಸಿ ಓದಿದರೆ ದಾಸನಿಗೆ ಸ್ವಂತ ವ್ಯವಹಾರವಿಲ್ಲ, ಒಡೆಯನ ವ್ಯವಹಾರ ಮಾತ್ರ ಉಂಟು. 1872ರ ಅಧಿನಿಯಮ ದಾಸ್ಯವನ್ನು ಒಪ್ಪುವುದಿಲ್ಲವಾದರೂ, 184ನೆಯ ಪ್ರಕರಣದಲ್ಲಿ ಇದರ ದೂರದ ಪ್ರತಿಧ್ವನಿಯೊಂದು ಕೇಳುತ್ತದೆ: ಸ್ವತಃ ಕರಾರು ಮಾಡಲು ಅರ್ಹನಲ್ಲದ ಅಪ್ರಾಪ್ತವಯಸ್ಕನೂ ಪ್ರತ್ಯೇಕ ಹೊಣೆಯಿಲ್ಲದೆ ಪ್ರತಿನಿಧಿಯಾಗಬಲ್ಲನು. ಬೇರೊಬ್ಬನಿಗೆ ಧ್ವನಿಯಾಗಲು ಸ್ವಂತ ಧ್ವನಿ ಇರಬೇಕೆಂದೇನಿಲ್ಲ.

ಬೊಮ್ಮನ ವಿಷಯದಲ್ಲಿ ನಮ್ಮನ್ನು ಕಾಡುವ ಸಂಗತಿ ಇದೇ. ಈ ಕರಾವಳಿಯ ಸಾಮಾನ್ಯ ಮನುಷ್ಯನೊಬ್ಬ ಹೆಸರಿನೊಡನೆ, ಪ್ರಯಾಣದೊಡನೆ, ಕುಡಿತದೊಡನೆ ನಮಗೆ ಕಾಣಿಸುವುದು ಬಹಳ ವಿರಳ. ಅರಸರು, ದಾನಿಗಳು, ಹೋರಾಡಿ ಮಡಿದ ವೀರರು ಕಲ್ಲಿನ ಮೇಲಿದ್ದಾರೆ. ಸರಕು ಹೊತ್ತು ಹೋದವರು ಇಲ್ಲ. ಬೊಮ್ಮ ಉಳಿದದ್ದು ಪರರ ಲೆಕ್ಕದಲ್ಲಿ, ಪರರ ಲಿಪಿಯಲ್ಲಿ, ಪರರ ಸರಕಿನ ಸಾಲಿನಲ್ಲಿ. ಪ್ರತಿನಿಧಿ ನಡುವಿನಿಂದ ಸರಿದು ನಿಲ್ಲುತ್ತಾನೆಂಬ ನ್ಯಾಯದ ಕಲ್ಪನೆ ಅವನ ಬಾಳಿನಲ್ಲಿ ಅಕ್ಷರಶಃ ನಿಜವಾಗಿದೆ. ಅವನು ಏನನ್ನು ಕೊಂಡುತಂದನೆಂಬುದು ತಿಳಿದಿದೆ. ಅವನ ಮಾತು ಒಂದೂ ಅವನ ಭಾಷೆಯಲ್ಲಿ ಉಳಿದಿಲ್ಲ.

ವಿದ್ವಾಂಸರ ನಡುವಿನ ಒಂದು ವಾದವನ್ನು ಸಂಕ್ಷೇಪವಾಗಿ ಹೇಳಬೇಕು. ಹನ್ನೊಂದನೆಯ ಶತಮಾನದ ಮಗ್ರಿಬಿ ವರ್ತಕರ ಗೆನಿಜಾ ಪತ್ರಗಳನ್ನು ಆಧರಿಸಿ ಆವ್ನರ್ ಗ್ರೈಫ್ 1989ರಲ್ಲಿ, ಈ ವರ್ತಕರು ನ್ಯಾಯಾಲಯಗಳನ್ನಲ್ಲದೆ ಪರಸ್ಪರ ಕೀರ್ತಿ–ಅಪಕೀರ್ತಿಯನ್ನೇ ನೆಚ್ಚಿದ್ದರು, ಮೋಸಮಾಡಿದ ಪ್ರತಿನಿಧಿಯನ್ನು ಎಲ್ಲರೂ ಕೂಡಿ ದೂರವಿಡುತ್ತಿದ್ದರು ಎಂದು ವಾದಿಸಿದರು. 2012ರಲ್ಲಿ ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ ಇದನ್ನು ಪ್ರಶ್ನಿಸಿ, ಅವರು ನ್ಯಾಯಾಲಯಗಳನ್ನೂ ಬಳಸುತ್ತಿದ್ದರೆಂದು ತೋರಿಸಲು ಯತ್ನಿಸಿದರು. ಎರಡು ಪಕ್ಷದವರ ಗಮನವೂ ಇರುವುದು ಒಂದೇ ಸಮುದಾಯದ ಒಳಗಿನ ಸಂಬಂಧಗಳ ಮೇಲೆ. ನಮ್ಮ ಕಾರ್ದಾರ ಆ ಸಮುದಾಯದ ಹೊರಗಿನವನು. ಅವನ ಮೇಲೆ ಬಹಿಷ್ಕಾರ ನಡೆಯದು, ಫುಸ್ತಾತಿನ ನ್ಯಾಯಾಲಯವೂ ನಡೆಯದು. ಅಂಥಲ್ಲಿ ಬೆನ್ ಯಿಜುವಿನ ಸೌಮ್ಯ ಬೇಡಿಕೆ ದೌರ್ಬಲ್ಯವಲ್ಲ, ಸ್ಥಳಜ್ಞಾನ ಎಂದು ನಮ್ಮ ಅಭಿಪ್ರಾಯ. ನಾಳೆಯೂ ಅದೇ ರೇವಿನಲ್ಲಿ ಏಲಕ್ಕಿ ಕೊಳ್ಳಬೇಕಾದವನು ಅವನು, ಏಡನ್ನಿನವರಲ್ಲ. ಮದ್ಮೂನ್ ಕೂಡ ಇಲ್ಲಿನ ಬನಿಯ ವರ್ತಕರಿಗೆ ಬೆನ್ ಯಿಜುವಿನ ಮೂಲಕ ವಂದನೆ ತಿಳಿಸಿ, ಕೂಡುವ್ಯಾಪಾರದ ಪ್ರಸ್ತಾಪಗಳನ್ನು ಕಳುಹಿಸಿದ್ದುಂಟು. ಮತಭೇದವನ್ನು ದಾಟಿದ ಇಂಥ ವ್ಯವಹಾರಗಳಲ್ಲಿ ಇಲ್ಲಿನ ನಕರ, ಸೆಟ್ಟಿಗಳ ಪಾತ್ರವೇನೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಶಾಸನಗಳನ್ನೂ ಈ ಪತ್ರಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ. ಪತ್ರಗಳ ಬಿಂಬಗಳು ಈಗ ಕೇಂಬ್ರಿಜಿನ ಗ್ರಂಥಾಲಯದಿಂದಲೂ ಅನೇಕ ಪಾಠಗಳು ಪ್ರಿನ್ಸ್‌ಟನ್ನಿನ ಗೆನಿಜಾ ಯೋಜನೆಯಿಂದಲೂ ಎಲ್ಲರಿಗೂ ಲಭ್ಯವಾಗಿವೆ. ಅರಬ್ಬಿ ವಿಭಾಗಗಳಿರುವ ದೆಹಲಿ, ಹೈದರಾಬಾದಿನ ವಿಶ್ವವಿದ್ಯಾಲಯಗಳಲ್ಲಿರುವ ಕನ್ನಡ ಸಂಶೋಧಕರಿಗೆ ಈ ಕೆಲಸದಲ್ಲಿ ನಾಡಿನೊಳಗಿನವರಿಗಿಂತ ಹೆಚ್ಚಿನ ಅನುಕೂಲವಿದೆ.

1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಮರಳಿದನು. ಅದಕ್ಕೆ ಒಂದು ವರ್ಷ ಮೊದಲು, 1148ರಲ್ಲಿ, ಖಲಫ್ ಏಡನ್ನಿನಿಂದ ಬರೆದ ಪತ್ರವೊಂದರಲ್ಲಿ ಎಂದಿನಂತೆ ಸರಕು, ಬೆಲೆ, ಕಳುಹಿಸಿದ ಉಡುಗೊರೆಗಳ ವಿವರವಿದೆ. ಆ ವಿವರಗಳ ನಡುವೆ ಖಲಫ್ ಬೊಮ್ಮನಿಗೂ ಪ್ರತ್ಯೇಕವಾಗಿ ವಂದನೆ ತಿಳಿಸಿದ್ದಾನೆ.